ನಾಲ್ಕನೇ ಜ್ವರದ ಹುಳುಗಳೊಡನೆ ಕೆಂಗೇರಿಗೆ

ಮಾಗಡಿಯಿಂದ ಬೆಂಗಳೂರಿಗೆ ಹೋಗುವ ಬಸ್ಸು ಬೆಳಿಗ್ಗೆ ಏಳೂವರೆಗೆ ಹೊರಟಿತು. ಪುಷ್ಯಮಾಸದ ಚಳಿಗೆ ಕಿಟಕಿಗಳೆಲ್ಲ ಮುಚ್ಚಿದ್ದವು. ನನ್ನ ಪಕ್ಕದಲ್ಲಿ ಓರಗಿತ್ತಿ ಕೆಂಪಮ್ಮ ಕುಳಿತಿದ್ದಳು. ಗಂಡನ ಅಣ್ಣನ ಹೆಂಡತಿಯಾದ್ದರಿಂದ ನನಗೆ ಅಕ್ಕ. ಅಕ್ಕನ ತೊಡೆಯ ಮೇಲೆ ಬಿಳಿ ಪಂಚೆ ಹೊದಿಸಿದ ಬಿದಿರಿನ ತಟ್ಟೆ, ಅದರೊಳಗೆ ಇನ್ನೂರು ರೇಷ್ಮೆ ಹುಳುಗಳು. ಅವನ್ನು ಮಧ್ಯಾಹ್ನದೊಳಗೆ, ಒಂದಿಷ್ಟೂ ಕುಲುಕದೆ, ಕೆಂಗೇರಿಯ ಒಂದು ಪ್ರಯೋಗಾಲಯಕ್ಕೆ ಮುಟ್ಟಿಸಬೇಕಾಗಿತ್ತು. ಟಿಕೆಟ್ಟು ತಲೆಗೆ ಇಪ್ಪತ್ತೆರಡು ರೂಪಾಯಿ. ಹುಳುಗಳಿಗೆ ಟಿಕೆಟ್ಟಿಲ್ಲ.

“ಏನಮ್ಮ ಅದು, ಹೂವಾ?” ಎಂದ ಕಂಡಕ್ಟರ್.

“ಹೂಂ ಕಣಪ್ಪ, ಹೂವೇ ಅನ್ಕೊ. ಮುಟ್ಬೇಡ,” ಎಂದಳು ಅಕ್ಕ.

ರೇಷ್ಮೆ ಸಾಕಿ ಗೊತ್ತಿಲ್ಲದವರಿಗಾಗಿ ಇಲ್ಲಿ ಸ್ವಲ್ಪ ಹೇಳಬೇಕು. ರೇಷ್ಮೆ ಹುಳು ಗೂಡು ಕಟ್ಟುವ ಮುಂಚೆ ನಾಲ್ಕು ಸಲ ಪೊರೆ ಬಿಡುತ್ತದೆ. ಪ್ರತಿ ಸಲವೂ ಸುಮಾರು ಒಂದು ದಿನ ಸೊಪ್ಪು ಮುಟ್ಟದೆ, ತಲೆ ಎತ್ತಿಕೊಂಡು ಅಲ್ಲಾಡದೆ ಕೂರುತ್ತದೆ. ಇದಕ್ಕೆ ನಮ್ಮವರು ಜ್ವರ ಎನ್ನುತ್ತಾರೆ, ಪೊರೆ ಬಿಟ್ಟು ಹೊರಬಂದರೆ ಎದ್ದಿತು ಎನ್ನುತ್ತಾರೆ. ಜ್ವರಕ್ಕೆ ಕೂರುವಾಗ ಹುಳು ಸಣ್ಣ ನೂಲು ಬಿಟ್ಟು ತನ್ನ ಕಾಲುಗಳನ್ನು ಸೊಪ್ಪಿನ ಕಡ್ಡಿಗೆ ಬಿಗಿದುಕೊಳ್ಳುತ್ತದೆ. ಆ ನೂಲು ಕಿತ್ತುಹೋದರೆ ಹಳೆ ಚರ್ಮದಿಂದ ಹೊರಬರಲಾರದೆ ಸಾಯುತ್ತದೆ. ಹಾಗಾಗಿ ಜ್ವರದ ಹುಳುವನ್ನು ಮುಟ್ಟಬಾರದು, ಅಲುಗಿಸಬಾರದು. ಅಕ್ಕನ ಹುಳದ ಮನೆಯಲ್ಲಿ ಆ ದಿನ ಯಾರೂ ಜೋರಾಗಿ ಮಾತಾಡುವಂತೆಯೂ ಇಲ್ಲ. ಅಂಥವಳು ನಾಲ್ಕನೇ ಜ್ವರದ ಹುಳುಗಳನ್ನು ಬಸ್ಸು ಹತ್ತಿಸಲು ಒಪ್ಪಿದ್ದೇ ದೊಡ್ಡದು.

ಒಪ್ಪಿದ್ದಕ್ಕೆ ಕಾರಣ ಹೋದ ವರ್ಷದ ಸಂಕ್ರಾಂತಿ. ಅಕ್ಕನ ಹಿಪ್ಪುನೇರಳೆ ತೋಟದ ಮಗ್ಗುಲಲ್ಲೇ ಇನ್ನೊಬ್ಬರ ಅವರೆ ಹೊಲ. ಕಾಯಿಗೆ ಹುಳು ಬಿತ್ತೆಂದು ಅವರು ವಿಷ ಹೊಡೆದರು, ಗಾಳಿ ಇತ್ತ ಬೀಸಿತು. ಆ ಸೊಪ್ಪು ತಿಂದ ಅಕ್ಕನ ಹುಳುಗಳು, ಇನ್ನೆರಡು ದಿನದಲ್ಲಿ ಗೂಡು ಕಟ್ಟಬೇಕಾಗಿದ್ದವು, ಬಾಯಲ್ಲಿ ಹಸಿರು ನೀರು ಕಾರುತ್ತಾ ಒಂದೇ ಮಧ್ಯಾಹ್ನದಲ್ಲಿ ಸತ್ತವು. ಅಕ್ಕ ಅಳಲಿಲ್ಲ, ಪಕ್ಕದ ಹೊಲದವರೊಡನೆ ಜಗಳಕ್ಕೂ ಹೋಗಲಿಲ್ಲ. ತಟ್ಟೆಗಳನ್ನು ತೊಳೆದು ಕವುಚಿ ಹಾಕಿದವಳು ಎಂಟು ತಿಂಗಳು ಹುಳು ಸಾಕಲಿಲ್ಲ.

ಅಷ್ಟರಲ್ಲಿ ನಾನು ಪಾಠ ಮಾಡುವ ಹೈಸ್ಕೂಲಿನ ವಿಜ್ಞಾನ ಪ್ರದರ್ಶನಕ್ಕೆ ರೇಣುಕಾ ಎಂಬ ಹುಡುಗಿ ಬಂದಳು. ಗದಗ ಕಡೆಯವಳು. ಗೋವಿಂದರಾಜನಗರದಲ್ಲಿ ಬಾಡಿಗೆ ಮನೆ ಮಾಡಿಕೊಂಡು ಕೆಂಗೇರಿಯಲ್ಲಿ ಸಂಶೋಧನೆ ಮಾಡುತ್ತಿದ್ದಳು. ಪೊರೆ ಬಿಡುವ ಹುಳು ಹಳೆ ಚರ್ಮದ ಕೆಳಗೆ ಒಂದು ರಸ ಸುರಿಸುತ್ತದೆ, ಅದರಲ್ಲಿ ಚರ್ಮವನ್ನೇ ಕರಗಿಸುವ ಕಿಣ್ವ ಇದೆ, ಆ ಕಿಣ್ವದಿಂದ ಅವರೆಯ ಕಾಯಿಕೊರಕವನ್ನು ವಿಷವಿಲ್ಲದೆ ಅಡಗಿಸಬಹುದೇ ಎಂದು ನೋಡಬೇಕು ಎಂದಳು. ಪೊರೆ ಬಿಡುವುದಕ್ಕೆ ಮುಂಚಿನ ಕೆಲವು ಗಂಟೆಗಳಲ್ಲಿ ಮಾತ್ರ ಆ ರಸ ಸಿಗುತ್ತದೆ. ಎರಡು ಸಲ ಬೇರೆ ಕಡೆಯಿಂದ ಹುಳು ತರಿಸಿದ್ದಳು. ಮೊದಲ ಸಲದವು ದಾರಿಯಲ್ಲೇ ಪೊರೆ ಬಿಟ್ಟಿದ್ದವು. ಎರಡನೆಯ ಸಲದವು ಇನ್ನೂ ರಸ ಬಂದೇ ಇರದವು. ಈ ಸಲವೂ ಕೆಟ್ಟರೆ ವಿಷಯವನ್ನೇ ಬದಲಿಸು ಎಂದು ಅವಳ ಗೈಡ್ ಹೇಳಿದ್ದರು. ಅಂದರೆ ಮೂರು ವರ್ಷದ ಕೆಲಸ ನೀರುಪಾಲು.

ಅವಳನ್ನು ಅಕ್ಕನ ಬಳಿಗೆ ಕರೆದೊಯ್ದೆ. ಇದನ್ನೆಲ್ಲ ಕೇಳಿದ ಅಕ್ಕ, “ಯಾವ ಗಂಟೆಗೆ ಏಳ್ತವೆ ಅಂತ ನಾನು ಹೇಳ್ತೀನಿ ಬಿಡು,” ಎಂದು ಕವುಚಿ ಹಾಕಿದ್ದ ತಟ್ಟೆಗಳನ್ನು ಕೆಳಗಿಳಿಸಿದಳು. ನಾನಂತೂ ಕುಣಿದಾಡಿದೆ. ಇಪ್ಪತ್ತೆರಡು ವರ್ಷದಿಂದ ಕೀಟಗಳು ಪೊರೆ ಕಳಚುವ ಪಾಠವನ್ನು ಬೋರ್ಡಿನ ಮೇಲೆ ಚಿತ್ರ ಬರೆದು ಹೇಳಿಕೊಡುತ್ತಿದ್ದೇನೆ. ಹುಳು ಸಾಕುವ ಮನೆಗೆ ಸೊಸೆಯಾಗಿ ಬಂದೂ ಅದು ನಡೆಯುವುದನ್ನು ಒಂದು ಸಲವೂ ಕೂತು ನೋಡಿರಲಿಲ್ಲ.

ಹೊರಡುವ ಹಿಂದಿನ ದಿನ ರೇಣುಕಾ ಫೋನಿನಲ್ಲಿ ಎರಡೆರಡು ಸಲ ಹೇಳಿದ್ದಳು: ಸೊಪ್ಪು ಹಾಕಬೇಡಿ, ಔಷಧಿ ಹಾಕಬೇಡಿ, ಏನೂ ಹಾಕಬೇಡಿ. ನಾನು ಅದನ್ನು ಅಕ್ಕನಿಗೆ ಮುಟ್ಟಿಸಿದ್ದೆ. ಬೆಳಿಗ್ಗೆ ಹೊರಡುವ ಮುಂಚೆ ಅಕ್ಕ ತಟ್ಟೆಯನ್ನು ಒಮ್ಮೆ ನೋಡಿದಳು. ಗೂಟಕ್ಕೆ ನೇತುಹಾಕಿದ್ದ ಸುಣ್ಣದ ಪುಡಿಯ ಗಂಟನ್ನು ತೆಗೆದುಕೊಂಡು ಹುಳುಗಳ ಮೇಲೆ ಹಗುರಾಗಿ ಕೊಡವಿದಳು. ಜ್ವರದ ದಿನ ಹಾಸಿಗೆಯ ಸೊಪ್ಪು ಒಣಗಿರಲೆಂದು ಎಲ್ಲರೂ ಹೀಗೇ ಮಾಡುತ್ತಾರೆ. ಸುಣ್ಣದ ಘಾಟಿಗೆ ನಾನು ಸೀನಿದೆ. ಅಕ್ಕ ನನ್ನನ್ನು ಗದರಿಸಿ ಬಾಗಿಲಾಚೆ ಕಳಿಸಿದಳು.

ತಾವರೆಕೆರೆಯ ತನಕ ರಸ್ತೆ ಪರವಾಗಿರಲಿಲ್ಲ, ಉಬ್ಬುಗಳದ್ದೇ ಕಾಟ. ಉಬ್ಬು ಬರುವ ಮುಂಚೆ ಅಕ್ಕ ತಟ್ಟೆಯ ಅಡಿಗೆ ಎರಡೂ ಅಂಗೈ ಕೊಟ್ಟು ಒಂದು ಗೇಣು ಮೇಲೆತ್ತುತ್ತಿದ್ದಳು. ಬಸ್ಸು ಎಗರಿ ಬೀಳುತ್ತಿತ್ತು, ನಾವು ಎಗರಿ ಬೀಳುತ್ತಿದ್ದೆವು, ತಟ್ಟೆ ಮಾತ್ರ ಇದ್ದಲ್ಲೇ ಇರುತ್ತಿತ್ತು. ತಾವರೆಕೆರೆಯಿಂದ ಕೆಂಗೇರಿಗೆ ಅಡ್ಡದಾರಿಯುಂಟು, ಆದರೆ ಆಗ ಅದನ್ನು ಅಗೆದು ಹಾಕಿದ್ದರು. “ಆ ಗುಂಡೀಲಿ ಹೋದ್ರೆ ಹುಳ ಇರ್ಲಿ, ನನ್ನ ಸೊಂಟಾನೇ ಕಳಚ್ಕೊಂಡು ಬೀಳ್ತದೆ,” ಎಂದು ಅಕ್ಕ ಮೊದಲೇ ಹೇಳಿದ್ದಳು. ಸುತ್ತಾದರೂ ಸರಿ ಎಂದು ಬೆಂಗಳೂರಿನೊಳಗಿಂದ ಹೋಗುವುದೆಂದಾಗಿತ್ತು.

ನಮ್ಮ ಮುಂದಿನ ಸೀಟಿನವರು ಎರಡು ಚೀಲ ಅವರೆಕಾಯಿ ಹಾಕಿಕೊಂಡಿದ್ದರು. ಬಸ್ಸಿಗೆ ಬಸ್ಸೇ ಸೊಗಡು. ಒಂದು ಚೀಲದಿಂದ ಉದುರಿದ ಕಾಯಿಯನ್ನು ಅಕ್ಕ ನನ್ನ ಕೈಲಿ ಎತ್ತಿಸಿದಳು. ಅದರಲ್ಲೊಂದು ತೂತು. ಬಿಡಿಸಿದರೆ ಕಾಳಿನ ಪಕ್ಕದಲ್ಲಿ ಮೈ ಮುದುಡಿಕೊಂಡ ಹಸಿರು ಹುಳು.

“ಇವನೇ ನೋಡು. ಇವನ ದೆಸೆಯಿಂದಲೇ ಎಲ್ಲಾ,” ಎಂದಳು. ಸ್ವಲ್ಪ ಹೊತ್ತು ಅದನ್ನೇ ನೋಡಿ, “ಇವನೂ ಜ್ವರಕ್ಕೆ ಕೂರ್ತಾನಾ?” ಎಂದು ಕೇಳಿದಳು.

“ಕೂರ್ತಾನೆ ಅಕ್ಕ. ಎಲ್ಲಾ ಹುಳನೂ ಪೊರೆ ಬಿಡ್ತವೆ.”

“ಹಂಗಾದ್ರೆ ನಮ್ಮವರ ನೆಂಟನೇ,” ಎಂದಳು. ನಾನು ನಕ್ಕೆ. ಅವಳು ನಗಲಿಲ್ಲ.

ಬ್ಯಾಡರಹಳ್ಳಿ ದಾಟುತ್ತಲೇ ಹೊಲಗಳು ತೀರಿದವು. ಸುಂಕದಕಟ್ಟೆಯಿಂದ ಮುಂದೆ ಬಸ್ಸು ಹೋದದ್ದಕ್ಕಿಂತ ನಿಂತದ್ದೇ ಹೆಚ್ಚು. ಕಾಮಾಕ್ಷಿಪಾಳ್ಯದಲ್ಲಿ ಕಾರ್ಖಾನೆಗಳ ಸದ್ದಿಗೆ ಅಕ್ಕ ಪಂಚೆಯ ಅಂಚುಗಳನ್ನು ಇನ್ನಷ್ಟು ಬಿಗಿಯಾಗಿ ಸಿಕ್ಕಿಸಿದಳು. ಹತ್ತೂಕಾಲಿಗೆ ಟೋಲ್‌ಗೇಟಿನಲ್ಲಿ ಇಳಿದೆವು. ರೇಣುಕಾ ಅಲ್ಲಿ ಒಂಬತ್ತಕ್ಕೇ ಬಂದು ಕಾದಿದ್ದಳು. ಕಪ್ಪಗೆ, ಸಣ್ಣಗಿದ್ದ ಹುಡುಗಿ. ಹಿಂದಿನ ದಿನ ನಿದ್ದೆ ಮಾಡಿರಲಿಲ್ಲವೆಂದು ಮುಖವೇ ಹೇಳುತ್ತಿತ್ತು.

“ಬರ್ರಿ ಅಕ್ಕಾರ, ಬರ್ರಿ ಮೇಡಮ್. ಇನ್ನೂ ಎದ್ದಿಲ್ಲಲ್ರಿ?”

“ಇಲ್ಲ ಕಣವ್ವ. ಮೂರು ಗಂಟೆ ಮೇಲೆ ಏಳಕ್ಕೆ ಶುರು ಮಾಡ್ತವೆ,” ಎಂದಳು ಅಕ್ಕ.

“ಒಂಚೂರು ನೋಡ್ಲೇನ್ರಿ?”

“ಬ್ಯಾಡ. ಗಾಳಿ ತಾಗ್ಬಾರ್ದು. ಅಲ್ಲಿಗೋಗಿ ನೋಡೀವಂತೆ.”

ರೇಣುಕಾ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡಳು. ಆಗ ಒಂದೇ ಒಂದು ಸಲ ಪಂಚೆ ಎತ್ತಿದ್ದರೆ ಎಂದು ನಾನು ಆಮೇಲೆ ಎಷ್ಟೋ ಸಲ ಅಂದುಕೊಂಡಿದ್ದೇನೆ.

ಅಲ್ಲೇ ಹತ್ತಿರದ ವಿಜಯನಗರದ ಬಸ್ ನಿಲ್ದಾಣದಿಂದ ಕೆಂಗೇರಿಗೆ ನೇರ ಬಸ್ಸು ಸಿಕ್ಕಿತು. ಟಿಕೆಟ್ಟು ಒಂಬತ್ತು ರೂಪಾಯಿ. ಕಾಲಿಡಲು ಜಾಗವಿರಲಿಲ್ಲ. ಬಾಗಿಲ ಹತ್ತಿರ ನಿಂತಿದ್ದ ಇಬ್ಬರು ಹುಡುಗರಲ್ಲಿ ಒಬ್ಬ ಅಕ್ಕನ ಕೈಲಿದ್ದ ಬಿಳಿ ಪಂಚೆ ನೋಡಿ, “ಲೋ ಮಗಾ, ಜಾಗ ಬಿಡೋ. ಆಂಟಿ ದೇವ್ರ ಪ್ರಸಾದ ತಂದಿದಾರೆ,” ಎಂದ. ಜನ ಸರಿದು ದಾರಿ ಬಿಟ್ಟರು, ಸೀಟೂ ಸಿಕ್ಕಿತು. ಅಕ್ಕ ಗಂಭೀರವಾಗಿ ಕುಳಿತಳು. ನಾವಿಬ್ಬರೂ ಅವಳನ್ನು ಒತ್ತಿಕೊಂಡು ನಿಂತೆವು.

ಅತ್ತಿಗುಪ್ಪೆಯಲ್ಲಿ ಬಸ್ಸು ಅರ್ಧ ಗಂಟೆ ಅಲ್ಲಾಡಲಿಲ್ಲ. ಆಗ ರೇಣುಕಾ ಅಕ್ಕನಿಗೆ ತನ್ನ ಕೆಲಸವನ್ನು ಬಿಡಿಸಿ ಹೇಳಿದಳು. “ಹುಳದ ಹೊಟ್ಟಿ ಒಳಗ ಒಂದು ತೆಳು ಪರದೆ ಇರತೈತ್ರಿ. ಅದೂ ಚರ್ಮದ ಜಾತೀದ. ಈ ಕಿಣ್ವ ಹತ್ತಿದ ಕಾಯಿ ತಿಂದ್ರ ಆ ಪರದೆ ತೂತು ಬೀಳತೈತಿ. ಆಮ್ಯಾಲೆ ಸಣ್ಣ ರೋಗ ಬಂದ್ರೂ ಸಾಕ್ರಿ, ಅದು ತಿನ್ನೂದು ಬಿಡತೈತಿ. ಮನಷ್ಯಾರಿಗೆ ಆ ಪರದೇನ ಇಲ್ರಿ, ಏನೂ ಆಗಂಗಿಲ್ಲ. ಮುಂದ ಇದನ್ನ ಹುಳದಿಂದ ತೆಗೆಯೂದೂ ಬ್ಯಾಡ. ಮೊಸರು ಹೆಪ್ಪು ಹಾಕಿದಂಗ ಸೂಕ್ಷ್ಮಜೀವಿ ಕಡೆಯಿಂದ ಮಾಡಸ್ಬಹುದು. ಆದ್ರ ಮದ್ಲ ಹುಳದ್ದೇ ಖರೇ ರಸ ಹೆಂಗೈತಿ ಅಂತ ನೋಡಬೇಕಲ್ರಿ.”

ಅಕ್ಕ ಎಲ್ಲ ಕೇಳಿ ಒಂದು ಪ್ರಶ್ನೆ ಹಾಕಿದಳು. “ನನ್ನ ಹುಳಕ್ಕೆ ಆ ಪರದೆ ಐತಾ?”

ರೇಣುಕಾ ನನ್ನ ಮುಖ ನೋಡಿದಳು. ನಾನು ಕಿಟಕಿಯಾಚೆ ನೋಡಿದೆ.

“ಐತ್ರಿ,” ಎಂದಳು.

“ಮಗ್ಗುಲ ಹೊಲದಿಂದ ಗಾಳೀಲಿ ಬಂದು ನನ್ನ ಸೊಪ್ಪಿನ ಮೇಲೆ ಕೂತ್ರೆ?”

“ಬಿಸಲಿಗೆ ಬೇಗ ಸತ್ವ ಕಳಕೊಳ್ಳತೈತಿ ಅಂತ ನನ್ನ ಅಂದಾಜ್ರಿ. ಆದ್ರ ಹಸಿ ಇದ್ದಾಗ ತಿಂದ್ರ... ಅದಕ್ಕ ಇನ್ನೂ ನನ್ನ ಕಡೆ ಉತ್ತರ ಇಲ್ರಿ, ಅಕ್ಕಾರ.”

ಸುಳ್ಳು ಹೇಳಿ ಸಮಾಧಾನ ಮಾಡಬಹುದಿತ್ತು. ಮಾಡಲಿಲ್ಲ. ಆ ಹುಡುಗಿಯ ಮೇಲೆ ನನಗೆ ಗೌರವ ಹುಟ್ಟಿದ್ದು ಆಗಲೇ. ಅಕ್ಕ ಪಂಚೆಯ ಮೇಲೆ ಕೈಯಿಟ್ಟುಕೊಂಡು ಕುಳಿತಿದ್ದಳು. “ಮಾತು ಕೊಟ್ಟಿದೀನಿ, ಇವತ್ತು ಕೊಡ್ತೀನಿ,” ಎಂದಳು ಕೊನೆಗೆ. “ಆದ್ರೆ ನನ್ನ ಹುಳ ಉಳೀತವೆ ಅಂತ ಹೇಳೋವರ್ಗೂ ಇನ್ನೊಂದ್ಸಲ ಕೇಳ್ಬೇಡ ಕಣವ್ವ.”

ನಾಯಂಡಹಳ್ಳಿಯಲ್ಲಿ ವೃಷಭಾವತಿಯ ನಾತ ಬಸ್ಸಿನೊಳಗೆ ನುಗ್ಗಿತು. ಎಲ್ಲರೂ ಮೂಗು ಮುಚ್ಚಿಕೊಂಡರು. ಅಕ್ಕ ಸೆರಗನ್ನು ಬಿಚ್ಚಿ ತಟ್ಟೆಗೆ ಹೊದಿಸಿದಳು. ಹನ್ನೆರಡಕ್ಕೆ ಕೆಂಗೇರಿ ತಲುಪಿದೆವು. ನಿಲ್ದಾಣದ ಎದುರು ತಟ್ಟೆ ಇಡ್ಲಿಯ ಹೋಟೆಲಿತ್ತು, ಹೊಟ್ಟೆ ತಾಳ ಹಾಕುತ್ತಿತ್ತು, ಆದರೆ ಅಕ್ಕ ಅತ್ತ ತಿರುಗಿಯೂ ನೋಡಲಿಲ್ಲ. ಆಟೋ ಹತ್ತಿದೆವು.

ಪ್ರಯೋಗಾಲಯವೆಂದರೆ ಉಪನಗರ ದಾಟಿ ನೀಲಗಿರಿ ತೋಪಿನ ಪಕ್ಕದಲ್ಲಿದ್ದ ಎರಡು ಕೋಣೆ. ಗಾಜಿನ ಸಾಮಾನು, ಒಂದು ಸೂಕ್ಷ್ಮದರ್ಶಕ, ಬಾಗಿಲು ಸರಿಯಾಗಿ ಮುಚ್ಚದ ಫ್ರಿಜ್ಜು. ಅಕ್ಕ ತಟ್ಟೆಯನ್ನು ಮೇಜಿನ ಮೇಲಿಟ್ಟು ಪಂಚೆ ತೆಗೆದಳು. ಇನ್ನೂರು ಹುಳುಗಳೂ ತಲೆ ಎತ್ತಿಕೊಂಡು ಕುಳಿತಿದ್ದವು. ಒಂದೂ ನೂಲು ಕಿತ್ತುಕೊಂಡಿರಲಿಲ್ಲ, ಒಂದೂ ಎದ್ದಿರಲಿಲ್ಲ. ನಾನು ಹೆಮ್ಮೆಯಿಂದ ರೇಣುಕಾಳ ಕಡೆ ತಿರುಗಿದೆ. ಅವಳು ತಟ್ಟೆಯ ಮೇಲೆ ಬಗ್ಗಿ ನೋಡುತ್ತಿದ್ದಳು.

“ಇದೇನ್ರಿ ಬೆಳ್ಳಗ?”

“ಸುಣ್ಣ. ಜ್ವರಕ್ಕೆ ಕೂತಾಗ ಸುಣ್ಣ ಹಾಕ್ದೆ ಇರ್ತಾರಾ?” ಎಂದಳು ಅಕ್ಕ.

ರೇಣುಕಾ ನನ್ನ ಕಡೆ ತಿರುಗಿದಳು. “ಸುಣ್ಣ ಹತ್ತಿದ್ರ ಕಿಣ್ವ ಸತ್ತಂಗ್ರಿ. ಏನೂ ಹಾಕಬ್ಯಾಡ್ರಿ ಅಂತ ಹೇಳಿದ್ನಲ್ರಿ, ಮೇಡಮ್.”

ಸುಣ್ಣ ಕ್ಷಾರ ಎಂದು ಪ್ರತಿವರ್ಷ ಲಿಟ್ಮಸ್ ಕಾಗದ ಅದ್ದಿ ಮಕ್ಕಳಿಗೆ ತೋರಿಸುವವಳು ನಾನು. ಕಣ್ಣೆದುರಿಗೇ ಅಕ್ಕ ಕೊಡವಿದಳು, ನಾನು ಸೀನಿದೆನೇ ಹೊರತು ತಲೆಗೆ ಹೊಳೆಯಲಿಲ್ಲ. ನನ್ನ ಮೇಲೆ ನನಗೇ ಬಂದ ಸಿಟ್ಟನ್ನು ಅಕ್ಕನ ಮೇಲೆ ತೀರಿಸಿಕೊಂಡೆ. “ಏನೂ ಹಾಕ್ಬೇಡ ಅಂದಿದ್ನಲ್ಲಕ್ಕ!”

“ಸೊಪ್ಪು ಬೇಡ ಅಂದೆ, ಹಾಕ್ಲಿಲ್ಲ. ಔಷಧಿ ಬೇಡ ಅಂದೆ, ಹಾಕ್ಲಿಲ್ಲ. ಸುಣ್ಣ ಯಾವಾಗ ಅಂದೆ ನೀನು?”

ಅವಳ ಮಾತೂ ಸರಿಯೇ. ಸಾರಿಗೆ ಏನೂ ಹಾಕಬೇಡ ಎಂದರೆ ಉಪ್ಪನ್ನು ಯಾರು ಬಿಡುತ್ತಾರೆ? ಅಷ್ಟರಲ್ಲಿ ಗೈಡ್ ಬಾಗಿಲಿಗೆ ಬಂದರು. ನರೆತ ಕೂದಲಿನ, ಮೆಲುಮಾತಿನ ಮನುಷ್ಯ. ತಟ್ಟೆಯನ್ನು ನೋಡಿ, “ಇದೂ ಹೋಯ್ತಾಮ್ಮ?” ಎಂದಷ್ಟೇ ಹೇಳಿ ಹಿಂದಿರುಗಿದರು. ಬೈದಿದ್ದರೆ ವಾಸಿಯಿತ್ತು.

ರೇಣುಕಾ ಸೋತ ಕೈಯಲ್ಲೇ ಒಂದು ಹುಳುವಿನ ತಲೆಯ ಹಿಂದೆ, ಸಡಿಲಗೊಂಡ ಚರ್ಮಕ್ಕೆ ಸೂಜಿಮೊನೆ ತಾಗಿಸಿ, ಕೂದಲೆಳೆಯಷ್ಟು ಸಣ್ಣ ಗಾಜಿನ ಕೊಳವೆಯಲ್ಲಿ ರಸ ಎಳೆದಳು. ಸುಣ್ಣ ಬೆರೆತು ಅದು ಕದಡಿಹೋಯಿತು. ‘ಕೆಟ್ಟದ್ದು’ ಎಂದು ಚೀಟಿ ಬರೆದು ಅದನ್ನು ಪಕ್ಕಕ್ಕಿಟ್ಟಳು.

ಅಕ್ಕ ಇದನ್ನೆಲ್ಲ ನೋಡುತ್ತಿದ್ದಳು. “ಮೈಮೇಲಿನ ಸುಣ್ಣ ಹೋದ್ರೆ ಆಯ್ತಲ್ವಾ? ಒಳಗಿನ ರಸಕ್ಕೆ ಸುಣ್ಣ ಹೋಗಿಲ್ವಲ್ಲ?”

“ತೊಳದ್ರ ನೂಲು ಕೀಳತೈತ್ರಿ. ಮುಟ್ಟಿದ್ರ ಸಾಯ್ತಾವ ಅಂತ ನೀವ ಹೇಳಿದ್ರಿ.”

“ನೀನು ಮುಟ್ಟಿದ್ರೆ ಸಾಯ್ತವೆ,” ಎಂದಳು ಅಕ್ಕ. ಮೊಣಕೈ ತನಕ ಸೋಪು ಹಾಕಿ ಕೈ ತೊಳೆದಳು. ಎಲೆಅಡಿಕೆ ಚೀಲದೊಳಗಿಂದ ಕಾಗದದಲ್ಲಿ ಸುತ್ತಿದ್ದ ಒಂದು ಕೋಳಿಗರಿಯನ್ನು ತೆಗೆದಳು. ಮೊಟ್ಟೆಯೊಡೆದು ಬಂದ ಎಳೆ ಹುಳುಗಳನ್ನು ಸೊಪ್ಪಿನ ಮೇಲೆ ಸರಿಸುವ ಗರಿ ಅದು. ಅವು ಇರುವೆಗಿಂತ ಸಣ್ಣವು. ಆ ಗರಿಯನ್ನು ಶುದ್ಧ ನೀರಿನಲ್ಲಿ ಜಾಲಿಸಿ, ಒಣಗಿಸಿ, ಮೊದಲ ಹುಳುವಿನ ತಲೆಯಿಂದ ಬಾಲದ ಕಡೆಗೆ ಒಮ್ಮೆ ಎಳೆದಳು. ಬೆಳ್ಳಗಿನ ಪುಡಿ ಉದುರಿತು. ಮತ್ತೊಮ್ಮೆ. ಆಮೇಲೆ ಒದ್ದೆ ಹತ್ತಿ, ಆಮೇಲೆ ಒಣ ಹತ್ತಿ. ಹುಳು ಕದಲಲಿಲ್ಲ. ಗಡಿಯಾರ ಹನ್ನೆರಡೂ ಐವತ್ತು ತೋರಿಸುತ್ತಿತ್ತು.

ಅಲ್ಲಿಂದ ಮುಂದಿನ ಎರಡು ಗಂಟೆಯನ್ನು ನಾನು ಸಾಯುವತನಕ ಮರೆಯುವುದಿಲ್ಲ. ಅಕ್ಕನ ಕೈ ಒಂದು ಸಲವೂ ತಡವರಿಸಲಿಲ್ಲ. ಸಾಲಾಗಿ ತೆಗೆದುಕೊಳ್ಳುತ್ತಿರಲಿಲ್ಲ, ಇಲ್ಲೊಂದು ಅಲ್ಲೊಂದು ಆರಿಸುತ್ತಿದ್ದಳು. “ಇದು ಈಗ. ಇದು ಇನ್ನೂ ಎಳೇದು, ಬಿಡು. ಇದು ತಗೊ, ಬೇಗ.” ಯಾವುದರ ರಸ ಪಕ್ವವಾಗಿದೆ ಎಂದು ಅವಳಿಗೆ ಹೇಗೆ ಗೊತ್ತು ಎಂದು ರೇಣುಕಾ ಕೇಳಿದಾಗ, ತಲೆಯ ಹಿಂದೆ ಒಂದು ಕಂದು ಚುಕ್ಕೆಯನ್ನು ಗರಿಯ ತುದಿಯಿಂದ ತೋರಿಸಿದಳು. ಹಳೆ ತಲೆಯ ಹಿಂದೆ ಹೊಸ ತಲೆ ಕಪ್ಪಾಗುತ್ತಾ ಬರುವುದು ಅದು. ರೇಣುಕಾ ಸೂಜಿ ಕೆಳಗಿಟ್ಟು ಅದನ್ನು ಪುಸ್ತಕದಲ್ಲಿ ಬರೆದುಕೊಂಡಳು. ಹಿಂದಿನ ಎರಡು ಸಲ ಅವಳಿಗೆ ಗೊತ್ತಿಲ್ಲದೆ ಹೋದದ್ದು ಇಷ್ಟೇ.

ನಡುವೆ ಒಮ್ಮೆ ರೇಣುಕಾ ಒಂದು ಹುಳುವಿನ ಚರ್ಮದ ಸಣ್ಣ ಸೀಳನ್ನು ಇಟ್ಟು, ನನ್ನನ್ನು ಕರೆದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು. ಮೊದಲು ಏನೂ ಕಾಣಲಿಲ್ಲ. ಆಮೇಲೆ ಕಂಡಿತು. ಮೇಲೆ ಹಳೆ ಚರ್ಮ, ಕಾಗದದಂತೆ ತೆಳ್ಳಗಾಗಿ. ಕೆಳಗೆ ಹೊಸ ಚರ್ಮ, ನೆರಿಗೆ ನೆರಿಗೆಯಾಗಿ ಮಡಚಿಟ್ಟದ್ದು. ಎರಡರ ನಡುವೆ ಹೊಳೆಯುವ ನೀರು. ಆ ನೀರು ಮೇಲಿನದನ್ನು ಒಳಗಿನಿಂದ ತಿನ್ನುತ್ತಿತ್ತು, ಕೆಳಗಿನದನ್ನು ಮುಟ್ಟುತ್ತಿರಲಿಲ್ಲ. ಕರಗಿದ ಹಳೆ ಚರ್ಮದ ಸತ್ವವನ್ನು ಹುಳು ಮತ್ತೆ ಹೀರಿಕೊಂಡು ಹೊಸದಕ್ಕೆ ಹಾಕುತ್ತದಂತೆ. ಉಪವಾಸ ಕೂತ ಹುಳು ಸುಮ್ಮನಿದೆ ಎಂದುಕೊಂಡಿದ್ದೆ. ಇಪ್ಪತ್ತೆರಡು ವರ್ಷ ನಾನು ಬೋರ್ಡಿನ ಮೇಲೆ ಎರಡು ಗೆರೆ ಎಳೆದು ‘ಹಳೆಯ ಹೊದಿಕೆ, ಹೊಸ ಹೊದಿಕೆ’ ಎಂದು ಬರೆದಿದ್ದೆ. ಆ ಎರಡು ಗೆರೆಗಳ ನಡುವೆ ಇಷ್ಟು ಕೆಲಸ ನಡೆಯುತ್ತದೆಂದು ಗೊತ್ತಿರಲಿಲ್ಲ. ಕಣ್ಣಲ್ಲಿ ನೀರು ಬಂತು. ಕಣ್ಣೊರೆಸಿಕೊಂಡು ಅಕ್ಕನನ್ನೂ ಕರೆದೆ.

ಅಕ್ಕ ಬಹಳ ಹೊತ್ತು ನೋಡಿದಳು. “ಅದಕ್ಕೇ ಕಣೆ ಮುಟ್ಬಾರ್ದು ಅನ್ನೋದು,” ಎಂದಷ್ಟೇ ಹೇಳಿ ಗರಿಗೆ ಮರಳಿದಳು.

ಮೂರು ಗಂಟೆಗೆ ಹತ್ತು ನಿಮಿಷವಿದ್ದಾಗ ಅವಳು ಕೈ ತೆಗೆದಳು. “ಸಾಕು. ಇನ್ನು ಅವಕ್ಕೆ ಬಿಡು.” ಅಷ್ಟರಲ್ಲಿ ಎಪ್ಪತ್ತು ಚಿಲ್ಲರೆ ಹುಳುಗಳ ರಸ ಸಿಕ್ಕಿತ್ತು, ಎಲ್ಲ ಸೇರಿ ಒಂದು ಸಣ್ಣ ಕೊಳವೆಯ ತಳ ಮುಚ್ಚುವಷ್ಟು, ನೀರಿನಷ್ಟು ತಿಳಿ. ನಾವು ಮೂವರೂ ತಟ್ಟೆಯ ಸುತ್ತ ನಿಂತೆವು. ಅಂಚಿನಲ್ಲಿದ್ದ ಒಂದು ಹುಳು ಮೈ ಅದುರಿಸಿತು. ಅದರ ಹಳೆ ಮುಖ ಮುಖವಾಡದ ಹಾಗೆ ಕಳಚಿ ಬಿತ್ತು. ತಲೆಯ ಹಿಂದೆ ಚರ್ಮ ಬಿರಿಯಿತು. ಹುಳು ತೆರೆ ತೆರೆಯಾಗಿ ಮುಂದಕ್ಕೆ ಸರಿಯುತ್ತಾ, ಕಾಲಿಗೆ ಕಟ್ಟಿದ ನೂಲನ್ನೂ ಹಳೆ ಅಂಗಿಯನ್ನೂ ಅಲ್ಲೇ ಬಿಟ್ಟು, ಸುಕ್ಕು ಸುಕ್ಕಾದ ಹೊಸ ಮೈಯಲ್ಲಿ ಹೊರಗೆ ಬಂದಿತು. ಗಂಟೆ ಮೂರೂ ಐದು. ಅಕ್ಕ ಗಡಿಯಾರದ ಕಡೆ ನೋಡಲೂ ಇಲ್ಲ.

ರಸ ಸಿಕ್ಕಿದೆ, ಆದರೆ ಬದುಕಿದೆಯೇ? ಅದನ್ನು ನೋಡುವ ವಿಧಾನ ಸರಳವಾಗಿತ್ತು. ಚಪ್ಪಟೆಯಾದ ಗಾಜಿನ ಬಟ್ಟಲಲ್ಲಿ ಏಡಿಯ ಚಿಪ್ಪಿನಿಂದ ಮಾಡಿದ, ಹಾಲಿನಂತೆ ಬಿಳಿಯಾದ ಲೋಳೆ ಇತ್ತು. ಏಡಿಯ ಚಿಪ್ಪೂ ಹುಳುವಿನ ಚರ್ಮದ ಜಾತಿಯೇ. ರೇಣುಕಾ ಅದರಲ್ಲಿ ಎರಡು ಕುಳಿ ಮಾಡಿ, ಒಂದಕ್ಕೆ ತಿಳಿ ರಸ, ಇನ್ನೊಂದಕ್ಕೆ ‘ಕೆಟ್ಟದ್ದು’ ಎಂದು ಚೀಟಿ ಹಚ್ಚಿದ ರಸ ಹಾಕಿದಳು. ಕಿಣ್ವ ಬದುಕಿದ್ದರೆ ಬೆಳಗಾಗುವಷ್ಟರಲ್ಲಿ ಕುಳಿಯ ಸುತ್ತ ಬಿಳುಪು ಕರಗಿ ಉಂಗುರ ಮೂಡಬೇಕು.

ಆ ಸಂಜೆ ತಟ್ಟೆಯನ್ನು ಅಲ್ಲೇ ಬಿಟ್ಟು ಗೋವಿಂದರಾಜನಗರದ ರೇಣುಕಾಳ ಮನೆಯಲ್ಲಿ ಉಳಿದೆವು. ಮಹಡಿಯ ಮೇಲಿನ ಒಂದೇ ಕೋಣೆ. ಊರಿಂದ ಬಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಅಕ್ಕ ರೊಟ್ಟಿ ಮುರಿದ ಸದ್ದಿಗೆ ತಾನೇ ನಕ್ಕಳು. ಮದುವೆಯ ಮಾತು ಬಂದಾಗೆಲ್ಲ, ಇದೊಂದು ಮುಗೀಲಿ ಎಂದು ಅವ್ವನಿಗೆ ಹೇಳುತ್ತಾ ಮೂರು ವರ್ಷ ಕಳೆದೆ ಎಂದಳು ರೇಣುಕಾ. ನಾಳೆ ಉಂಗುರ ಮೂಡದಿದ್ದರೆ ಏನು ಹೇಳುವುದೆಂದು ನಾನು ಯೋಚಿಸುತ್ತಿದ್ದೆ. ಅವಳೂ ಅದನ್ನೇ ಯೋಚಿಸುತ್ತಿದ್ದಳೆಂದು ಕಾಣುತ್ತದೆ, ಅರ್ಧ ರೊಟ್ಟಿ ಹಾಗೇ ಉಳಿಯಿತು.

ಮರುದಿನ ಬೆಳಿಗ್ಗೆ ಎಂಟೂವರೆಗೆ ಮತ್ತೆ ಕೆಂಗೇರಿಯಲ್ಲಿದ್ದೆವು. ಗೈಡ್ ನಮಗಿಂತ ಮೊದಲೇ ಬಂದು ನಿಂತಿದ್ದರು, ಬಟ್ಟಲನ್ನು ಮಾತ್ರ ಮುಟ್ಟಿರಲಿಲ್ಲ. “ನೀನೇ ತೆಗಿ,” ಎಂದರು. ರೇಣುಕಾ ಅದನ್ನು ತೆಗೆದು ಕಿಟಕಿಯ ಬೆಳಕಿಗೆ ಹಿಡಿದಳು.

ಮೊದಲ ಕುಳಿಯ ಸುತ್ತ, ಹಾಲಿನ ಬಿಳುಪಿನ ನಡುವೆ, ಎಂಟಾಣೆಯಷ್ಟಗಲ ಉಂಗುರ ಮೂಡಿತ್ತು. ಅದರೊಳಗಿಂದ ಕಿಟಕಿಯಾಚೆಯ ನೀಲಗಿರಿ ಮರದ ಎಲೆ ಕಾಣುತ್ತಿತ್ತು. ಒಂದು ಹನಿ ರಸ, ಏಡಿಯ ಚಿಪ್ಪನ್ನು ಕರಗಿಸಿ ಗಾಜು ಮಾಡಿತ್ತು. ನನಗೆ ಮೈ ಜುಮ್ಮೆಂದಿತು. ರೇಣುಕಾ ಬಟ್ಟಲನ್ನು ಗೈಡ್ ಕೈಗೆ ಕೊಟ್ಟು, ಅಕ್ಕನನ್ನು ತಬ್ಬಿಕೊಂಡು ಅತ್ತಳು. ಗೈಡ್ ಸ್ಕೇಲು ಇಟ್ಟು ಅಳೆದರು, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಅಳೆದರು. “ವಿಷಯ ಬದಲಿಸೋದು ಬೇಡಮ್ಮ,” ಎಂದರು.

ನಾವು ಮೂವರೂ ಉಂಗುರ ನೋಡಿ ಮೈಮರೆತಿದ್ದೆವು. ಅಕ್ಕ ನೋಡುತ್ತಿದ್ದುದು ಇನ್ನೊಂದು ಕುಳಿಯನ್ನು.

“ಇದ್ಯಾಕೆ ಸುಮ್ನೆ ಐತೆ?”

“ಅದು ಸುಣ್ಣದ್ದಲ್ರೀ ಅಕ್ಕಾರ. ಕೆಟ್ಟದ್ದು.”

“ಒಂಚೂರೂ ಕರಗಿಸಿಲ್ಲ.”

“ಇಲ್ರಿ. ಸುಣ್ಣ ಹತ್ತಿದ್ರ ಅದರ ಆಟ ನಡೆಯಂಗಿಲ್ಲ.”

ಅಕ್ಕ ಬೆರಳನ್ನು ಆ ಖಾಲಿ ಕುಳಿಯ ಹತ್ತಿರ ತಂದಳು. ಉಗುರಿನ ಸಂದಿಯಲ್ಲಿ ಇನ್ನೂ ಬೆಳ್ಳಗೆ ಸುಣ್ಣವಿತ್ತು. “ಹಂಗಾದ್ರೆ ನಿನ್ನೆ ಬಸ್ಸಲ್ಲಿ ಕೇಳಿದ್ದಕ್ಕೆ ಉತ್ತರ ಇದೇ ಅಲ್ವಾ? ಅವರೆ ಹೊಲದ ಕಡೆ ಇರೋ ನನ್ನ ಸೊಪ್ಪಿನ ಸಾಲಿಗೆ ಸುಣ್ಣದ ನೀರು ಚುಮುಕಿಸಿದ್ರೆ, ಗಾಳೀಲಿ ಬಂದಿದ್ದು ಅಲ್ಲೇ ಸಾಯ್ತದೆ.”

ರೇಣುಕಾ ತನ್ನ ಪುಸ್ತಕ ತೆರೆದು ಹಾಳೆ ತಿರುವಿದಳು. ಅವಳ ಮೂರು ವರ್ಷದ ಪುಸ್ತಕಗಳಲ್ಲಿ ಸುಣ್ಣಕ್ಕೆ ಇದ್ದದ್ದು ಶತ್ರುವಿನ ಜಾಗ ಮಾತ್ರ. ನಾನೋ, ಹಿಂದಿನ ದಿನ ಅದೇ ಸುಣ್ಣಕ್ಕಾಗಿ ಅಕ್ಕನ ಮೇಲೆ ಹರಿಹಾಯ್ದವಳು. ಗೈಡ್ ಜೇಬಿನಿಂದ ಪೆನ್ನು ತೆಗೆದು, ‘ಕೆಟ್ಟದ್ದು’ ಎಂಬ ಚೀಟಿಯ ಮೇಲೆ ಅಡ್ಡಗೆರೆ ಎಳೆದು, ‘ಸುಣ್ಣ’ ಎಂದು ಬರೆದರು. “ಒಂದು ಸಲ ನೋಡಿ ಹೇಳೋಕಾಗಲ್ಲಮ್ಮ,” ಎಂದರು ಅಕ್ಕನಿಗೆ. “ಹತ್ತು ಸಲ ನೋಡಬೇಕು. ಆದರೆ ನೋಡೋಣ. ನಮಗೆ ಇದು ಹೊಳೆದಿರಲಿಲ್ಲ.”

ರಸ ಕೊಟ್ಟ ಹುಳುಗಳಲ್ಲಿ ಕೆಲವು ಸತ್ತಿದ್ದವು. ಉಳಿದವೂ, ಮುಟ್ಟದೆ ಬಿಟ್ಟವೂ ಎದ್ದು ಹಸಿದು ತಲೆಯಾಡಿಸುತ್ತಿದ್ದವು. ಊರಿನಿಂದಲೇ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದ ಸೊಪ್ಪನ್ನು ಅಕ್ಕ ಹಾಸಿದಳು. ಸೋನೆ ಮಳೆ ಬಿದ್ದ ಹಾಗೆ ಸದ್ದು ಮಾಡುತ್ತಾ ಅವು ತಿನ್ನತೊಡಗಿದವು. ಸತ್ತವನ್ನು ಆರಿಸಿ ಕಾಗದದಲ್ಲಿ ಸುತ್ತಿ, ನೀಲಗಿರಿ ಮರದ ಬುಡದಲ್ಲಿ ತಾನೇ ಹೂತು ಬಂದಳು.

ಹಿಂದಿರುಗುವಾಗ ಟೋಲ್‌ಗೇಟಿನ ತನಕ ರೇಣುಕಾ ಬಂದಳು. ಬಸ್ಸು ಹೊರಟಾಗ ನಾನು ಕಿಟಕಿಯಿಂದ ಹಿಂದಿರುಗಿ ನೋಡಿದೆ. ಮಾಗಡಿ ರಸ್ತೆಯ ಆ ಗದ್ದಲದಲ್ಲಿ, ಹೂವಿನವರ ಗಾಡಿಯ ಪಕ್ಕದಲ್ಲಿ, ಅವಳು ಅಕ್ಕನ ಕೋಳಿಗರಿಯನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು. ಅಕ್ಕ ಅದನ್ನು ಯಾವಾಗ ಕೊಟ್ಟಳೋ ನಾನು ನೋಡಿರಲಿಲ್ಲ. ಮುಂದಿನ ಬೆಳೆಯ ಜ್ವರದ ಹುಳುಗಳನ್ನು ಯಾವ ದಿನ ತರುತ್ತೇನೆಂದೂ ಹೇಳಿಬಿಟ್ಟಿದ್ದಳಂತೆ.

ಮಾಗಡಿಯಲ್ಲಿ ಇಳಿದ ಮೇಲೆ ಅಕ್ಕ ಊರಿನ ಬಸ್ಸಿಗೆ ನಿಲ್ಲಲಿಲ್ಲ. ತಟ್ಟೆಯನ್ನು ನನ್ನ ಕೈಗೆ ಕೊಟ್ಟು, ಎದುರಿನ ಅಂಗಡಿಯಲ್ಲಿ ಒಂದು ಚೀಲ ಸುಣ್ಣ ಹೊರಿಸಿಕೊಂಡು ಬಂದಳು.

“ಹತ್ತು ಸಲ ನೋಡ್ಬೇಕು ಅಂದ್ರಲ್ಲ ಅಕ್ಕ ಅವರು,” ಎಂದೆ.

“ಅವರು ಅಲ್ಲಿ ನೋಡ್ಲಿ. ಸುಣ್ಣ ಚುಮುಕಿಸಿದ ಸೊಪ್ಪನ್ನ ನನ್ನ ಹುಳ ತಿಂತವಾ ಇಲ್ವಾ ಅಂತ ಮೊದ್ಲು ನಾನು ನೋಡ್ಬೇಕಲ್ಲ. ಒಂದು ಸಾಲಿಗೆ ಹಾಕ್ತೀನಿ, ಪಕ್ಕದ ಸಾಲಿಗೆ ಹಾಕಲ್ಲ. ಎರಡೂ ತಟ್ಟೆ ಬೇರೆ ಬೇರೆ ಇಡ್ತೀನಿ.”

“ಎಲ್ಲಾದಕ್ಕೂ ಒಂದೇ ಸಲ ಹಾಕ್ಬಾರ್ದಾ?”

ಅಕ್ಕ ನನ್ನನ್ನು, ಇಪ್ಪತ್ತೆರಡು ವರ್ಷದ ವಿಜ್ಞಾನದ ಟೀಚರನ್ನು, ಮೇಲಿಂದ ಕೆಳಗೆ ನೋಡಿದಳು.

“ಎಲ್ಲಾದಕ್ಕೂ ಹಾಕಿದ್ರೆ ಹೆಂಗೆ ಗೊತ್ತಾಗ್ತದೆ?” ಎಂದು ತಟ್ಟೆಯನ್ನು ನನ್ನ ಕೈಯಿಂದ ತೆಗೆದುಕೊಂಡಳು.